ಲಾಭ ಬಂದುಬಿಟ್ಟಿದೆ ಸಾರ್, ಏನು ಮಾಡೋದು?

ಕಳೆದ ಮಳೆಗಾಲ. ಕೊಡಗಿನ ಗೋಣಿಕೊಪ್ಪದಲ್ಲಿ ಕರೆಂಟ್ ಹೋಗಿ ಎರಡು ದಿನವಾಗಿತ್ತು. ಪೊನ್ನಂಪೇಟೆ ಕಡೆಯ ಒಬ್ಬ ಅಕ್ಕ ನೆನೆದ ಕೊಡೆಯನ್ನು ಬಾಗಿಲಲ್ಲೇ ಬಿಟ್ಟು ನನ್ನ ಆಫೀಸಿನೊಳಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿದ ಚೆಕ್‌ರೋಲ್ ಪುಸ್ತಕ. ತೋಟದ ಕೆಲಸದವರ ಹಾಜರಿ ಬರೆಯುವ ಪುಸ್ತಕ ಅದು. ಅದರ ಹಿಂದಿನ ಹಾಳೆಗಳಲ್ಲಿ ತಮ್ಮ ಕಂಪನಿಯ ಲೆಕ್ಕ ಬರೆದಿಟ್ಟಿದ್ದರು.

‘ಸಾರ್, ಒಂದು ತಪ್ಪಾಗಿದೆ. 7,100 ರೂಪಾಯಿ ಲಾಭ ಬಂದುಬಿಟ್ಟಿದೆ. ನಮ್ಮದು ಸೆಕ್ಷನ್ 8 ಕಂಪನಿ ಅಲ್ವಾ? ಲೈಸೆನ್ಸ್ ಹೋಗುತ್ತಾ?’

ಲೆಕ್ಕಪತ್ರದ ಕೆಲಸದಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ನಷ್ಟಕ್ಕೆ ಹೆದರಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಲಾಭಕ್ಕೆ ಹೆದರಿ ಬರುವವರು ಮಾತ್ರ ಸಮಾಜಸೇವೆಯ ಉದ್ಯಮ ಮಾಡುವವರು. ಅದೂ ಈಚೆಗೆ ಜಾಸ್ತಿಯಾಗಿದ್ದಾರೆ. ಜೇನು, ಕಾಳುಮೆಣಸು, ಹೋಂಮೇಡ್ ಚಾಕೊಲೇಟ್, ಬಿದಿರಿನ ಬುಟ್ಟಿ, ಯಾವುದೇ ಇರಲಿ, ಕೊನೆಗೆ ಬರುವ ಮಾತು ಒಂದೇ: ‘ನಮಗೆ ಲಾಭ ಬೇಡ ಸಾರ್, ಸೇವೆ.’

ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಸೆಕ್ಷನ್ 8 ಕಂಪನಿ ಅಂದರೆ ಸೇವೆಯಂಥ ಉದ್ದೇಶಕ್ಕೆ ಲೈಸೆನ್ಸ್ ಪಡೆದು ಮಾಡುವ ಕಂಪನಿ. 2013ರ ಕಂಪನಿ ಕಾಯ್ದೆಯ ಈ 8ನೇ ಸೆಕ್ಷನ್ ಲಾಭ ಮಾಡಬೇಡಿ ಎಂದು ಎಲ್ಲೂ ಹೇಳುವುದಿಲ್ಲ. ಲಾಭ ಬಂದರೆ ಅದನ್ನು ಕಂಪನಿಯ ಉದ್ದೇಶಕ್ಕೇ ಬಳಸಿ, ಸದಸ್ಯರಿಗೆ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಡಬೇಡಿ ಎನ್ನುತ್ತದೆ. ಅಷ್ಟೇ. ಲಾಭ ಮಾಡುವುದು ಒಂದು, ಹಂಚಿಕೊಳ್ಳುವುದು ಇನ್ನೊಂದು. ಹಂಚಿಕೊಂಡರೆ ಲೈಸೆನ್ಸಿಗೆ ಕುತ್ತು. ಮಾಡಿದರೆ ಏನೂ ಇಲ್ಲ. ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಇದನ್ನು ಕೇಳಿ ‘ಹ್ಞೂಂ ಹ್ಞೂಂ’ ಅಂದು ತಲೆಯಾಡಿಸಿದವರೇ ಮುಂದಿನ ಮಾರ್ಚಿನಲ್ಲಿ ಅದೇ ಪ್ರಶ್ನೆ ಹಿಡಿದು ಬರುತ್ತಾರೆ. ಮರದಲ್ಲಿ ಹಣ್ಣು ಬಿಡಬಹುದು. ಹಣ್ಣು ಮಾರಿದ ದುಡ್ಡು ಮರದ ಗೊಬ್ಬರಕ್ಕೆ ಹೋಗಬೇಕು, ನಿಮ್ಮ ಮನೆ ಕಪಾಟಿಗಲ್ಲ. ಹಣ್ಣೇ ಬಿಡಬಾರದು ಅಂತ ಹೂವು ಚಿವುಟಿ ಹಾಕುವವರನ್ನು ಏನನ್ನಬೇಕು?

ಇನ್ನು ಕೆಲಸ ಮಾಡಿದ ಸದಸ್ಯರಿಗೆ ಕೂಲಿ ಕೊಡಬಹುದೇ? ನಿಜವಾಗಿ ಮಾಡಿದ ಕೆಲಸಕ್ಕೆ ಸಮಂಜಸವಾದ ಕೂಲಿ ಕೊಡಲು ಸಾಮಾನ್ಯವಾಗಿ ದಾರಿ ಇದೆ. ಆದರೆ ನಿಮ್ಮ ಲೈಸೆನ್ಸಿನ ಷರತ್ತು, ಕಂಪನಿಯ ನಿಯಮಾವಳಿ ಎರಡನ್ನೂ ಓದದೆ ನಾನು ಯಾರಿಗೂ ಹೌದು ಅನ್ನುವುದಿಲ್ಲ. ನೀವೂ ಪತ್ರಿಕೆ ಓದಿ ಕೊಟ್ಟುಬಿಡಬೇಡಿ. ತೆರಿಗೆಯ ಕಡೆಯಿಂದ ಬೇರೆ ನಿಯಮಗಳಿವೆ. ಅವನ್ನು ನಿಮ್ಮ ಆಡಿಟರ್ ಹತ್ತಿರ ಕೂತು ನೋಡಿ.

ಅಕ್ಕನ ಪುಸ್ತಕಕ್ಕೆ ಬರೋಣ. ಅವರ ಗುಂಪಿನದು ಕಾಚಂಪುಳಿ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ, ಹಾಕುವ ಆ ಕಪ್ಪು ಹುಳಿ ಮಾಡುವ ಕಷ್ಟ ಕೊಡಗಿನವರಿಗೆ ಗೊತ್ತು. ಮಳೆಯಲ್ಲಿ ಉದುರಿದ ಪಣಪುಳಿ ಹಣ್ಣನ್ನು ಜಿಗಣೆ ಕಚ್ಚಿಸಿಕೊಂಡು ಆರಿಸಬೇಕು. ಬುಟ್ಟಿಯಲ್ಲಿಟ್ಟು ರಸ ಇಳಿಯಲು ಬಿಡಬೇಕು. ಆಮೇಲೆ ಮಡಕೆಯಲ್ಲಿ ಹಾಕಿ ರಸ ಕಪ್ಪಾಗಿ ಮಂದವಾಗುವವರೆಗೆ ಕುದಿಸುತ್ತಲೇ ಇರಬೇಕು. ಆಗಸ್ಟಿನಲ್ಲಿ ಒಣ ಸೌದೆ ಅಂದರೆ ಚಿನ್ನ.

ಪುಸ್ತಕದಲ್ಲಿ ಎರಡೇ ಸಾಲು. 40 ಬಾಟಲಿ, ತಲಾ 200, ಒಟ್ಟು 8,000. ಬಾಟಲಿ, ಮುಚ್ಚಳ, ಲೇಬಲ್ಲಿಗೆ 900.

‘ಸೌದೆ?’ ಅಂದೆ.

‘ನಮ್ಮ ತೋಟದ್ದೇ ಸಾರ್.’

‘ಜೀಪು?’

‘ನಮ್ಮ ಯಜಮಾನರದ್ದು. ಡೀಸೆಲ್ ಅವರೇ ಹಾಕ್ತಾರೆ.’

‘ಎಷ್ಟು ಜನ, ಎಷ್ಟು ದಿನ?’

‘ನಾವು ನಾಲ್ಕು ಜನ, ಆರು ದಿನ. ಅದಕ್ಕೆಲ್ಲ ದುಡ್ಡು ಲೆಕ್ಕ ಹಾಕ್ತಾರಾ?’

ಹಾಕಿದೆ. ನಾಲ್ಕು ಜನ ಆರು ದಿನ ಅಂದರೆ 24 ಆಳು. ಅವರೇ ತಮ್ಮ ತೋಟದಲ್ಲಿ ಕೊಡುವ 450ರ ಲೆಕ್ಕದಲ್ಲಿ 10,800. ಸೌದೆ ಮಾರಿದ್ದರೆ ಬರುತ್ತಿದ್ದ 1,500. ಡೀಸೆಲ್ 1,200. ಬಾಟಲಿಯ 900. ಒಟ್ಟು 14,400. ಒಂದು ಬಾಟಲಿಗೆ ಬಿದ್ದದ್ದು 360, ಮಾರಿದ್ದು 200ಕ್ಕೆ. ಅಂದರೆ 7,100 ಲಾಭ ಅಂತ ನಿದ್ದೆಗೆಟ್ಟಿದ್ದ ಅಕ್ಕನಿಗೆ ನಿಜವಾಗಿ ಆಗಿದ್ದು 6,400 ನಷ್ಟ. ಅದೇ ಬಾಟಲಿಯನ್ನು ಒಂದು ಹೋಂಸ್ಟೇಯವರು ಪ್ರವಾಸಿಗರಿಗೆ 420ಕ್ಕೆ ಮಾರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ವ್ಯಾಪಾರ ಮಾಡಿದರು. ಆದರೆ ಈ ನಾಲ್ಕು ಹೆಂಗಸರು ಆರು ದಿನ ಹೊಗೆ ಕುಡಿದು ಮಾಡಿದ ಸೇವೆ ಹೋಗಿ ಸೇರಿದ್ದು ಆ ಕೌಂಟರಿಗೆ ಅಲ್ವಾ?

ತಮಾಷೆ ಏನೆಂದರೆ, ಕಾಫಿ ಮಾರುವಾಗ ಇದೇ ಜನ ಹೀಗಿರುವುದಿಲ್ಲ. 50 ಕೆಜಿ ಚೀಲದ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಎಷ್ಟು ಓಟಿ ಬಂತು, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಕ್ಕಿತು, 26ಆ 28ಆ ಎಂದು ವ್ಯಾಪಾರಿಯ ಜೊತೆ ಅರ್ಧ ಗಂಟೆ ಜಗಳ ಆಡುತ್ತಾರೆ. ‘ಸಾಮಾಜಿಕ ಉದ್ಯಮ’ ಅಂತ ಬೋರ್ಡು ಹಾಕಿದ ಕೂಡಲೇ ಆ ಜಾಣತನವನ್ನೆಲ್ಲ ಕಣದಲ್ಲೇ ಬಿಟ್ಟು ಬರುತ್ತಾರೆ.

ದೊಡ್ಡವರು ಹೀಗೆ ಮಾಡಲಿಲ್ಲ. ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಅರವಿಂದ್ ಕಣ್ಣಾಸ್ಪತ್ರೆ ಶುರು ಮಾಡಿದರು. ದುಡ್ಡು ಕೊಡಬಲ್ಲವರಿಂದ ತೆಗೆದುಕೊಂಡು, ಉಳಿದದ್ದರಲ್ಲಿ ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿದರು. ಉಳಿಯದಿದ್ದರೆ ಪುಕ್ಕಟೆ ಎಲ್ಲಿಂದ ಬರಬೇಕು? ಬಡವರಿಗೆ ಸಣ್ಣ ಸಾಲ ಕೊಡುವ ಗ್ರಾಮೀಣ್ ಬ್ಯಾಂಕ್ ಕಟ್ಟಿದ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಹೆಸರನ್ನು ಎಲ್ಲರೂ ಹೇಳುತ್ತಾರೆ, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದೂ ಗೊತ್ತು. ಅವರ ‘ಸೋಷಿಯಲ್ ಬಿಸಿನೆಸ್’ನ ಸೂತ್ರದಲ್ಲಿ ಡಿವಿಡೆಂಡ್ ಇಲ್ಲ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಷ್ಟವೂ ಆಗಕೂಡದು ಅನ್ನುವ ಅರ್ಧ ಮರೆತುಹೋಗುತ್ತದೆ. ಅಲ್ಲಿ ಯೂನುಸರ ಗ್ರಾಮೀಣ್ ಮತ್ತು ಫ್ರಾನ್ಸಿನ ಡ್ಯಾನೋನ್ ಕಂಪನಿ ಸೇರಿ ಮಕ್ಕಳ ಪೌಷ್ಟಿಕತೆಗೆಂದು ‘ಶಕ್ತಿ ದೊಯಿ’ ಮೊಸರು ಮಾಡಿದರು. 80 ಗ್ರಾಂ ಕಪ್ಪಿಗೆ 5 ಟಾಕಾ. 2008ರಲ್ಲಿ ಹಾಲು ತುಟ್ಟಿಯಾಯಿತು, 8 ಟಾಕಾ ಮಾಡಿದರು, ಹಳ್ಳಿಗಳಲ್ಲಿ ಮಾರಾಟ ದಬಕ್ಕನೆ ಬಿತ್ತು. ಆಮೇಲೆ ಕಪ್ಪನ್ನು 60 ಗ್ರಾಂಗೆ ಇಳಿಸಿ 6 ಟಾಕಾ ಇಟ್ಟರು, ಢಾಕಾ ಪೇಟೆಯಲ್ಲಿ ಜಾಸ್ತಿ ಬೆಲೆಗೆ ಮಾರಿದರು. ಬೆಲೆಯ ಜೊತೆ ಹೀಗೆ ಗುದ್ದಾಡುವುದೂ ಸೇವೆಯ ಕೆಲಸವೇ.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಥಾಯ್ಲೆಂಡಿನ ದೊಯಿ ತುಂಗ್. ಒಂದು ಕಾಲಕ್ಕೆ ಅಫೀಮು ಬೆಳೆಯುತ್ತಿದ್ದ ಗುಡ್ಡಗಾಡು. 1988ರಲ್ಲಿ ಯೋಜನೆ ಶುರುವಾಯಿತು, ಅಲ್ಲಿನ ಜನ ಕಾಫಿ, ಮಕಾಡಾಮಿಯಾ ಬೆಳೆದರು. ಹುರಿದ ಕಾಫಿಯನ್ನು ತಮ್ಮದೇ ಹೆಸರಲ್ಲಿ, ತಮ್ಮದೇ ಕೆಫೆಗಳಲ್ಲಿ ಮಾರುತ್ತಾರೆ. ಕರುಣೆ ತೋರಿಸಿ ಒಂದು ಕಪ್ಪು ಕುಡಿಯಿರಿ ಎಂದು ಯಾರನ್ನೂ ಕೇಳುವುದಿಲ್ಲ.

ಇನ್ನು ‘ಸಾಮಾಜಿಕ ಉದ್ಯಮ ಅಂತ ರಿಜಿಸ್ಟರ್ ಮಾಡಿಕೊಡಿ’ ಎನ್ನುವವರಿಗೆ: ದಕ್ಷಿಣ ಕೊರಿಯಾದಲ್ಲಿ 2007ರಿಂದ, ಥಾಯ್ಲೆಂಡಿನಲ್ಲಿ 2019ರಿಂದ ಅದಕ್ಕೇ ಅಂತ ಕಾಯ್ದೆ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಇಂಥ ಸಂಸ್ಥೆಗಳು ದುಡ್ಡು ಎತ್ತಲೆಂದಿರುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜಿಗಾಗಿ, ಷೇರುಪೇಟೆ ನಿಯಂತ್ರಿಸುವ ಸೆಬಿ 2022ರಲ್ಲಿ ಒಂದು ವ್ಯಾಖ್ಯೆ ಮಾಡಿದೆ. 40 ಬಾಟಲಿಯವರು ಸದ್ಯಕ್ಕೆ ಅದರ ತಂಟೆಗೆ ಹೋಗುವುದು ಬೇಡ.

ಬೆಳೆಗಾರರೇ ಸೇರಿ ಮಾಡುವುದಾದರೆ, ದುಡಿದವರಿಗೇ ಪಾಲು ಹೋಗಬೇಕು ಎಂದಿದ್ದರೆ, ಸೆಕ್ಷನ್ 8 ಬಹುಶಃ ನಿಮ್ಮ ದಾರಿಯಲ್ಲ. ಹತ್ತು ಜನ ಉತ್ಪಾದಕರು ಸೇರಿದರೆ ಪ್ರೊಡ್ಯೂಸರ್ ಕಂಪನಿ ಮಾಡಬಹುದು. ಅದರಲ್ಲಿ ವರ್ಷದ ಕೊನೆಗೆ ಉಳಿದದ್ದನ್ನು, ಯಾರು ಎಷ್ಟು ಮಾಲು ಕೊಟ್ಟರೋ ಆ ಲೆಕ್ಕದಲ್ಲಿ ಬೋನಸ್ಸಾಗಿ ಹಂಚಲು ಕಾಯ್ದೆಯೇ ಜಾಗ ಕೊಟ್ಟಿದೆ. ಸಹಕಾರ ಸಂಘವೂ ಇದೆ, ಕೊಡಗಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಈ ಅಕ್ಕನಿಗೆ ಯಾರೋ ‘ಸೆಕ್ಷನ್ 8 ಮಾಡಿ, ಗ್ರಾಂಟ್ ಬರುತ್ತೆ’ ಅಂದಿದ್ದರಂತೆ. ಗ್ರಾಂಟ್ ಬಂದಿರಲಿಲ್ಲ. ಒಮ್ಮೆ ಮಾಡಿದ್ದನ್ನು ಬದಲಿಸುವುದು ಸುಲಭದ ಕೆಲಸವೂ ಅಲ್ಲ. ಹಾಗಾಗಿ ಇರುವುದರಲ್ಲೇ ಬೆಲೆ ಸರಿಮಾಡಿ ಅಂದೆ.

‘400 ಅಂದ್ರೆ ಜನ ಬೈಯ್ಯಲ್ವಾ ಸಾರ್?’

‘420 ಕೊಟ್ಟು ತಗೊಂಡವರು ಬೈದರಾ?’

ಸ್ವಲ್ಪ ಹೊತ್ತು ಹೊರಗಿನ ಮಳೆ ನೋಡುತ್ತಾ ಕೂತರು. ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು, ಹಾಳೆಯಲ್ಲಿ ಸ್ಕೇಲಿಲ್ಲದೆ ಸೊಟ್ಟಗೆ ಮೂರು ಗೆರೆ ಎಳೆದರು. ಕೂಲಿ, ಸೌದೆ, ಜೀಪು.

ಈ ಮಾರ್ಚಿನಲ್ಲಿ ಮತ್ತೆ ಬಂದರು. ಮೂರು ಕಾಲಮ್ಮೂ ತುಂಬಿತ್ತು. ಜೀಪಿನ ಬಾಡಿಗೆ ಯಜಮಾನರು ಜಾಸ್ತಿ ಹಾಕಿದ್ದಾರೆ ಎಂದು ಮನೆಯಲ್ಲಿ ಜಗಳವಂತೆ, ಅದು ಒಳ್ಳೆಯ ಲಕ್ಷಣ ಅಂದುಕೊಂಡೆ. ಹೋಗುವಾಗ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ದುಡ್ಡು ತೆಗೆಯಲು ಹೋದರೆ, ‘ಅಯ್ಯೋ, ನಿಮಗೆಂಥ ದುಡ್ಡು ಸಾರ್!’

‘ಹಾಗಾದ್ರೆ ಇದನ್ನ ಯಾವ ಕಾಲಮ್ಮಿಗೆ ಬರೀತೀರಿ?’

ಪುಸ್ತಕ ತೆರೆದು ಮೇಲಿಂದ ಕೆಳಗೆ ನೋಡಿದರು. ಆಮೇಲೆ ‘380 ಕೊಡಿ, ನಿಮಗೆ ಇಪ್ಪತ್ತು ಕಮ್ಮಿ’ ಅಂದರು.