ಕಿಟಕಿಯಿಂದ ದೂರ ಸರಿದ ಮೇಜು

ವಿದ್ಯುತ್ ದೀಪ ಬರುವ ಮುಂಚೆ ಕಟ್ಟಡದ ಅಗಲ ನಿರ್ಧರಿಸುತ್ತಿದ್ದುದು ಕಿಟಕಿ. ಕಿಟಕಿಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲ ಬೆಳಕು ಓದು-ಬರಹಕ್ಕೆ ಸಾಕಾಗುತ್ತದೆ. ಹಾಗಾಗಿ ಹಳೆಯ ಕಚೇರಿ, ಶಾಲೆ, ಆಸ್ಪತ್ರೆಗಳು ಕಿರಿದಾಗಿ ಉದ್ದಕ್ಕೆ ಚಾಚಿಕೊಂಡಿರುತ್ತಿದ್ದವು, ಇಲ್ಲವೇ ನಡುವೆ ಅಂಗಳ ಬಿಟ್ಟುಕೊಳ್ಳುತ್ತಿದ್ದವು.

1879ರಲ್ಲಿ ಎಡಿಸನ್ನರ ಬಲ್ಬು ಉರಿದ ಮೇಲೂ ಈ ಲೆಕ್ಕ ಅಷ್ಟಾಗಿ ಕೆಡಲಿಲ್ಲ. ಅದು ತಿನ್ನುವ ವಿದ್ಯುತ್ತಿನಲ್ಲಿ ಶೇ 90ಕ್ಕೂ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ದೊಡ್ಡ ಹಜಾರವನ್ನು ಬರೀ ಬಲ್ಬುಗಳಿಂದ ಬೆಳಗಿಸಹೊರಟರೆ ಒಳಗೆ ಕೂತವರಿಗೆ ಸೆಕೆ. ಲೆಕ್ಕ ಕೆಡಿಸಿದ್ದು 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟ್. ಅಷ್ಟೇ ವಿದ್ಯುತ್ತಿಗೆ ಹಲವು ಪಟ್ಟು ಬೆಳಕು, ಶಾಖ ಕಡಿಮೆ. ಜೊತೆಗೆ ಹವಾನಿಯಂತ್ರಣವೂ ಸೇರಿತು. ಗಾಳಿಗೂ ಬೆಳಕಿಗೂ ಕಿಟಕಿ ಬೇಡವಾದ ಮೇಲೆ ಮೇಜುಗಳು ಕಟ್ಟಡದ ಹೊಟ್ಟೆಯೊಳಕ್ಕೆ ಸರಿದವು. ಮೂಲೆ ಮೂಲೆಗೂ ಒಂದೇ ಸಮನಾದ ಬೆಳಕು ಸುರಿಯುವ ಚಾವಣಿ ಆಧುನಿಕತೆಯ ಗುರುತಾಯಿತು. ಯಾರೂ ಕೂರದ ಜಾಗಕ್ಕೂ ಮೇಜಿನಷ್ಟೇ ಬೆಳಕು!

1973ರ ತೈಲ ಬಿಕ್ಕಟ್ಟು ಬಂದಾಗ ಅನೇಕ ಕಚೇರಿಗಳು ಮಾಡಿದ್ದು ಒರಟು ಉಪಾಯ: ಟ್ಯೂಬ್‌ಗಳಲ್ಲಿ ಕೆಲವನ್ನು ಕಳಚಿಟ್ಟವು. ನಿಯಮಗಳು ಆಮೇಲೆ ಬಂದವು. ಅಮೆರಿಕದಲ್ಲಿ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆಯಾದ ಆಶ್ರೇ 1975ರಲ್ಲಿ ಕಟ್ಟಡಗಳ ಇಂಧನ ಬಳಕೆಗೆ ಮಾನದಂಡ ರೂಪಿಸಿತು. ದೀಪಗಳ ಒಟ್ಟು ವ್ಯಾಟ್‌ಗೂ ಅದರಲ್ಲಿ ಮಿತಿ ಇತ್ತು. ಅದೇ ಮಾನದಂಡದ 1999ರ ಆವೃತ್ತಿ ಕಚೇರಿಗಳಿಗೆ ಚದರ ಮೀಟರಿಗೆ ಸುಮಾರು 14 ವ್ಯಾಟ್ ಬಿಟ್ಟುಕೊಟ್ಟಿದ್ದರೆ, 2019ರದು ಸುಮಾರು 7ಕ್ಕೆ ಇಳಿಸಿತು. ಈ ಇಳಿಕೆಯಲ್ಲಿ ಎಲ್‌ಇಡಿಯ ಪಾಲೂ ಇದೆ. ನೀಲಿ ಎಲ್‌ಇಡಿಯಿಂದ ಬಿಳಿ ಬೆಳಕಿಗೆ ದಾರಿ ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಹಳೆ ಬಲ್ಬು ಪ್ರತಿ ವ್ಯಾಟಿಗೆ 15 ಲೂಮೆನ್ (ಬೆಳಕಿನ ಅಳತೆ) ಕೊಟ್ಟರೆ ಹೆಚ್ಚು. ಎಲ್‌ಇಡಿ ನೂರನ್ನು ಸಲೀಸಾಗಿ ದಾಟುತ್ತದೆ.

ಆದರೆ ವ್ಯಾಟ್‌ನ ಮಿತಿ ಹೇಳುವುದು ಎಷ್ಟು ದೀಪ ಹಾಕಿದ್ದೀರಿ ಎಂಬುದನ್ನು; ಎಷ್ಟು ಹೊತ್ತು ಉರಿಸಿದಿರಿ ಎಂಬುದನ್ನಲ್ಲ. ನನ್ನ ಪ್ರಕಾರ ಕಥೆ ಎಡವುವುದು ಸ್ವಿಚ್ಚಿನ ಬಳಿ. ದೀಪದ ಸಾಲುಗಳಿಗೆ ಕಿಟಕಿ ಗೋಡೆಗೆ ಸಮಾನಾಂತರವಾಗಿ ತಂತಿ ಎಳೆದಿದ್ದರೆ ಹಗಲಲ್ಲಿ ಕಿಟಕಿ ಪಕ್ಕದ ಸಾಲನ್ನಷ್ಟೇ ಆರಿಸಬಹುದು. ಅಡ್ಡಲಾಗಿ ಎಳೆದಿದ್ದರೆ ಒಂದೇ ಸ್ವಿಚ್ಚಿಗೆ ಬಿಸಿಲಿನ ತುದಿಯೂ ಕತ್ತಲ ತುದಿಯೂ ಸೇರಿಬಿಡುತ್ತವೆ, ಯಾರೂ ಆರಿಸುವುದಿಲ್ಲ. ಇನ್ನು ಗೋಡೆಯಿಡೀ ಗಾಜು ಹಾಕಿದರೆ ಕಣ್ಣು ಕೋರೈಸುವ ಬಿಸಿಲಿಗೆ ಪರದೆ ಇಳಿಯುತ್ತದೆ, ಒಳಗೆ ದೀಪ ಹತ್ತುತ್ತದೆ.

ಆಶ್ರೇ 2010ರ ಹೊತ್ತಿಗೆ ಹಗಲ ಬೆಳಕು ಬೀಳುವ ವಲಯದ ದೀಪಗಳು ತಾವಾಗಿಯೇ ತಗ್ಗಬೇಕೆಂದು ನಿಯಮಕ್ಕೆ ಸೇರಿಸಿತು. ಹೊಸ ಕಟ್ಟಡಕ್ಕೆ ಇದು ನಕ್ಷೆಯ ಮೇಲಿನ ಒಂದು ಗೆರೆ. ಹಳೆಯದರಲ್ಲಿ ಟ್ಯೂಬ್ ತೆಗೆದು ಎಲ್‌ಇಡಿ ಹಾಕಲು ಏಣಿಯೊಂದಿದ್ದರೆ ಸಾಕು. ಆದರೆ ತಂತಿಯ ದಿಕ್ಕು ಬದಲಿಸಲು ಚಾವಣಿ ಬಿಚ್ಚಬೇಕು. ಬಹಳಷ್ಟು ಕಡೆ ಕೆಲಸ ಏಣಿಗೇ ಮುಗಿಯುತ್ತದೆ.