ಶಿನ್ ನೋವು, ಬಣ್ಣದ ಟೇಪು ಮತ್ತು ದಣಿದ ಎಲುಬು

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಕರೆದರೆ ಸಾಕು, ತಾಲ್ಲೂಕು ಕ್ರೀಡಾಂಗಣಗಳಲ್ಲೂ ಬೈಪಾಸ್ ರಸ್ತೆಗಳಲ್ಲೂ ನಸುಕಿನಲ್ಲೇ ಓಟ ಶುರುವಾಗುತ್ತದೆ. ಗುರಿ 1600 ಮೀಟರ್. ಅಲ್ಲಿಯವರೆಗೆ ಬಸ್ ಹಿಡಿಯಲು ಬಿಟ್ಟರೆ ಓಡಿಯೇ ಗೊತ್ತಿಲ್ಲದ ಕಾಲು, ಮೊದಲ ದಿನದಿಂದಲೇ ನಾಲ್ಕೈದು ಕಿಲೋಮೀಟರ್ ಡಾಂಬರಿನ ಮೇಲೆ ಬಡಿಯುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮೊಣಕಾಲಿನ ಕೆಳಗೆ, ಕಾಲಿನ ಒಳಮಗ್ಗುಲಲ್ಲಿ, ಎಲುಬಿನ ಅಂಚಿಗೇ ಅಂಟಿಕೊಂಡಂತೆ ಒಂದು ನೋವು. ಓಡಲು ಶುರುಮಾಡಿದಾಗ ಕಾಡುತ್ತದೆ, ಮೈ ಬಿಸಿಯಾದ ಮೇಲೆ ಮರೆಯಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಹುಡುಗರ ಬಾಯಲ್ಲಿ ಇದು ಶಿನ್ ಪೇನ್. ವೈದ್ಯರ ಚೀಟಿಯಲ್ಲಿ ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್. ಗಟ್ಟಿ ನೆಲದ ಮೇಲೆ ತಟ್ಟಡವು ಕಲಿಯುವ ಭರತನಾಟ್ಯದ ಮಕ್ಕಳಿಗೂ ಇದು ಹೊಸದಲ್ಲ.

ಈಚೆಗೆ ಈ ಕಾಲುಗಳ ಮೇಲೆ ನೀಲಿ, ಗುಲಾಬಿ, ಕಪ್ಪು ಪಟ್ಟಿಗಳು ಕಾಣಿಸುತ್ತಿವೆ. ಕೈನೀಸಿಯಾಲಜಿ ಟೇಪ್. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ, ಹಚ್ಚುವುದಾದರೆ ಹೇಗೆ ಎಂದು ನೋಡುವ ಮೊದಲು ನೋವು ನಿಜಕ್ಕೂ ಶಿನ್ ನೋವೇ ಎಂದು ತಿಳಿಯಬೇಕು. ಅದಕ್ಕೆ ಬೇಕಾದ್ದು ಒಂದು ಹೆಬ್ಬೆರಳು.

ಕುರ್ಚಿಯ ಮೇಲೆ ಕೂತು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಡಿ. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿದ ಗಂಟು ಇದೆಯಲ್ಲ, ಅಲ್ಲಿಂದ ಎಲುಬಿನ ಒಳ ಅಂಚನ್ನೇ ಹಿಡಿದು ಮೇಲಕ್ಕೆ ಒಂದೊಂದೇ ಬೆರಳಗಲ ಒತ್ತುತ್ತ ಹೋಗಿ. ಮುಂದೆ ಚೂಪಾಗಿ ಸಿಗುವ ಏಣಲ್ಲ. ಅದರ ಹಿಂದೆ, ಎಲುಬು ಮುಗಿದು ಮೀನಖಂಡದ ಮಾಂಸ ಶುರುವಾಗುವ ಗಡಿ. ಶಿನ್ ನೋವಾದರೆ ಈ ಗಡಿಯುದ್ದಕ್ಕೂ ಕನಿಷ್ಠ 5 ಸೆಂ.ಮೀ., ಅಂದರೆ ಸುಮಾರು ಮೂರು ಬೆರಳಗಲದಷ್ಟು ಜಾಗ ನೋಯುತ್ತದೆ. ಹೆಚ್ಚಾಗಿ ಕಾಲಿನ ಕೆಳಗಿನ ಅರ್ಧದಲ್ಲಿ. ಹಾಗಲ್ಲದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಪ್ರಾಣ ಹೋಗುವಂತೆ ನೋಯುತ್ತಿದೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದೆ, ಆ ಒಂದೇ ಕಾಲಿನ ಮೇಲೆ ಕುಪ್ಪಳಿಸಲು ಆಗುತ್ತಿಲ್ಲ ಎಂದಾದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಟೇಪನ್ನು ಅಲ್ಲೇ ಬಿಟ್ಟು ಮೂಳೆ ವೈದ್ಯರ ಹತ್ತಿರ ಹೋಗಿ. ಮುಂದಿನ ಚೂಪು ಏಣಿನ ನಡುಮಧ್ಯೆ ನೋವಿದ್ದರಂತೂ ಒಂದು ದಿನವೂ ತಡ ಬೇಡ. ಅಲ್ಲಿನ ಬಿರುಕು ಕೂಡಿಕೊಳ್ಳಲು ಮೊಂಡು. ಇಲ್ಲೊಂದು ಎಚ್ಚರಿಕೆ: ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೇ ಇರಬಹುದು. ಎಕ್ಸ್‌ರೇ ನಾರ್ಮಲ್ ಅಂದರು ಎಂದು ಮರುದಿನವೇ ಓಡಲು ಹೋಗಿ ಎಲುಬು ಮುರಿದುಕೊಳ್ಳುವುದು ಹೀಗೆಯೇ. ಎಂಆರ್‌ಐಯಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ.

ಇನ್ನೊಂದು ಬಗೆಯೂ ಉಂಟು. ಎಲುಬನ್ನು ಒತ್ತಿದರೆ ಏನೂ ಇಲ್ಲ, ಆದರೆ ಹತ್ತು ಹದಿನೈದು ನಿಮಿಷ ಓಡುತ್ತಲೇ ಕಾಲು ಕಲ್ಲಿನಂತೆ ಬಿಗಿದು ಪಾದ ಜೋಮು ಹಿಡಿಯುತ್ತದೆ, ನಿಂತ ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತದೆ. ಅದು ಸ್ನಾಯುಗಳ ಕವಚದೊಳಗೆ ಒತ್ತಡ ಏರುವ ಕಾಯಿಲೆ. ಅದಕ್ಕೂ ಟೇಪು ಮದ್ದಲ್ಲ.

ಸರಿ, ಶಿನ್ ನೋವೇ ಎಂದಾಯಿತು. ಒಳಗೆ ಆಗುತ್ತಿರುವುದೇನು? ಮೀನಖಂಡದ ಆಳದ ಸ್ನಾಯುಗಳು ಎಲುಬಿನ ಹೊರಪೊರೆಯನ್ನು ಜಗ್ಗಿ ಊದಿಸುತ್ತವೆ ಎಂಬುದು ಹಳೆಯ ವಿವರಣೆ. ಅದು ಪೂರ್ತಿ ಸುಳ್ಳೇನಲ್ಲ, ಆದರೆ ಈಗ ಹೆಚ್ಚು ಒತ್ತು ಎಲುಬಿನ ಮೇಲೆಯೇ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, 60 ಕೆ.ಜಿ. ಆಳಿಗೆ 120ರಿಂದ 180 ಕೆ.ಜಿ. ಆ ಭಾರಕ್ಕೆ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ನಿಮಿಷಕ್ಕೆ 170 ಹೆಜ್ಜೆಯಂತೆ ಆರೂವರೆ ನಿಮಿಷ ಓಡಿದರೆ ಒಟ್ಟು 1100 ಹೆಜ್ಜೆ, ಒಂದು ಕಾಲಿಗೆ ಸುಮಾರು 550 ಬಾಗು. ಬಾಗಿದ ಎಲುಬು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆದರೆ ಆ ರಿಪೇರಿ ನಮ್ಮ ಊರಿನ ರಸ್ತೆ ಕೆಲಸದ ಹಾಗೆ: ಮೊದಲು ಅಗೆಯುವುದು, ಆಮೇಲೆ ತುಂಬುವುದು. ಹಳೆಯದನ್ನು ಕರಗಿಸುವ ಜೀವಕೋಶಗಳು ಕೆಲವೇ ವಾರಗಳಲ್ಲಿ ಕೆಲಸ ಮುಗಿಸುತ್ತವೆ. ಹೊಸದನ್ನು ಕಟ್ಟುವ ಕೋಶಗಳಿಗೆ ತಿಂಗಳುಗಳೇ ಬೇಕು. ನಡುವಿನ ಆ ಅವಧಿಯಲ್ಲಿ ಎಲುಬು ಮೊದಲಿಗಿಂತ ಮೆತ್ತಗಿರುತ್ತದೆ. ಹೊಸದಾಗಿ ಓಡಲು ಇಳಿದವರಿಗೆ ಮೊದಲ ದಿನವಲ್ಲ, ಎರಡು ಮೂರು ವಾರದ ನಂತರ ನೋವು ಬರುವುದು ಇದರಿಂದಲೇ ಇರಬೇಕು. ಈ ನೋವಿದ್ದ ಆಟಗಾರರಲ್ಲಿ ನೋಯುವ ಜಾಗದ ಎಲುಬಿನ ಸಾಂದ್ರತೆಯೇ ಕಡಿಮೆಯಾಗಿದ್ದುದನ್ನು ಸ್ವೀಡನ್ನಿನ ಸಂಶೋಧಕರು 2001ರಲ್ಲಿ ತೋರಿಸಿದರು. ನೋವು ವಾಸಿಯಾದ ಮೇಲೆ ಆ ಸಾಂದ್ರತೆ ಮರಳಿ ಬಂದಿತ್ತು ಎಂದು 2003ರಲ್ಲಿ ಅವರೇ ವರದಿ ಮಾಡಿದರು.

ಇನ್ನು ಟೇಪು. ಜಪಾನಿನ ಕೈರೊಪ್ರಾಕ್ಟರ್ (ಬೆನ್ನೆಲುಬು, ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವರು) ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರ್ರಿ ವಾಲ್ಷ್ ಅವರ ಭುಜದ ಮೇಲೆ ಕಂಡ ಕಪ್ಪು ಪಟ್ಟಿಯಿಂದ ಲೋಕಪ್ರಸಿದ್ಧವಾಯಿತು. ಹತ್ತಿ ಬಟ್ಟೆಯೊಳಗೆ ಎಲಾಸ್ಟಿಕ್ ಎಳೆ, ಹಿಂದೆ ಅಲೆಯಲೆಯಾಗಿ ಬಳಿದ ಅಕ್ರಿಲಿಕ್ ಅಂಟು. ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಅಗಲಕ್ಕಿಲ್ಲ. ಕ್ರಿಕೆಟಿಗರ ಕಾಲಿಗೆ ಸುತ್ತುವ ಬಿಳಿಯ ಗಟ್ಟಿ ಟೇಪು ಕೀಲನ್ನು ಅಲುಗಾಡದಂತೆ ಕಟ್ಟಿಹಾಕುತ್ತದೆ. ಇದು ಹಾಗೆ ಏನನ್ನೂ ಕಟ್ಟಿಹಾಕುವುದಿಲ್ಲ.

ಚರ್ಮವನ್ನು ಎತ್ತಿ ಸುಕ್ಕುಗಟ್ಟಿಸಿ ಅಡಿಯಲ್ಲಿ ರಕ್ತ ಸರಾಗವಾಗಿ ಹರಿಯುವಂತೆ ಮಾಡುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಬ್ರೆಜಿಲ್‌ನಲ್ಲಿ ಬಹುಕಾಲದ ಸೊಂಟನೋವಿನ 148 ಜನರ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕೆಲವರಿಗೆ ಹಿಗ್ಗಿಸಿ ಸುಕ್ಕು ಬರುವಂತೆ, ಉಳಿದವರಿಗೆ ಸುಕ್ಕಿಲ್ಲದೆ ಸುಮ್ಮನೆ ಅಂಟಿಸಿದಂತೆ. ಫಲದಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಗೆ ಸುಕ್ಕಿನ ಕತೆ ಬಿತ್ತು. ಶಿನ್ ನೋವಿನ ವಿಷಯದಲ್ಲಿ ಟೇಪಿನ ಪರವಾಗಿ ಒಂದು ಮಾತು ಇದೆ: ಕಾಲಿನ ಒಳಬದಿಗೆ ಟೇಪು ಹಚ್ಚಿದಾಗ ಪಾದದ ಒಳಭಾಗದ ಮೇಲೆ ಭಾರ ಏರುವ ವೇಗ ತುಸು ತಗ್ಗಿದ್ದನ್ನು ಒಂದು ಅಧ್ಯಯನ ಅಳೆದಿದೆ. ಅದರಾಚೆಗೆ ಸಿಗುವುದು ಚರ್ಮದ ಮೇಲಿನ ಸ್ಪರ್ಶ. ಪೆಟ್ಟಾದ ಕಡೆ ಅಂಗೈಯಿಂದ ಉಜ್ಜಿಕೊಂಡರೆ ನೋವು ಕೊಂಚ ಮಂಕಾಗುತ್ತದಲ್ಲ, ಅದೇ ಲೆಕ್ಕ. 180 ಕೆ.ಜಿ.ಗೆ ಬಾಗುವ ಎಲುಬನ್ನು ಬಟ್ಟೆಯ ಪಟ್ಟಿ ತಡೆಯಲಾರದು. ನೋವು ಕಡಿಮೆಯಾಗಿ ಎಲುಬು ಹಾಗೇ ಇರುವುದರಿಂದಲೇ ಟೇಪಿನಲ್ಲಿ ಒಂದು ಅಪಾಯವೂ ಇದೆ. ನೋವಿಲ್ಲವೆಂದು ಎರಡು ಸುತ್ತು ಹೆಚ್ಚು ಓಡಿಬಿಡುವುದು.

ಆದ್ದರಿಂದ ಟೇಪು ಓಟವನ್ನು ಇಳಿಸಿದ ದಿನಗಳಿಗೆ, ಏರಿಸುವ ದಿನಗಳಿಗಲ್ಲ. ಆ ಷರತ್ತು ಒಪ್ಪಿಗೆಯಾದರೆ ಹಚ್ಚುವ ಬಗೆ ಹೀಗಿದೆ.

ಹಿಂದಿನ ದಿನ ಎರಡು ಬೆರಳಗಲದ ತುಂಡನ್ನು ಕಾಲಿಗೆ ಅಂಟಿಸಿ 24 ಗಂಟೆ ಬಿಡಿ. ತುರಿಕೆ, ಕೆಂಪು, ಗುಳ್ಳೆ ಬಂದರೆ ಆ ಅಂಟು ನಿಮ್ಮ ಮೈಗೆ ಒಗ್ಗದು. ಬಣ್ಣ ಬದಲಿಸಿ ಪ್ರಯೋಜನವಿಲ್ಲ, ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ. ಒಗ್ಗಿದರೆ ಕಾಲನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಗಿಡ್ಡ ಮಾಡಿ ಸಾಕು; ಆಗಷ್ಟೇ ಬ್ಲೇಡಿನಿಂದ ಬೋಳಿಸಿದ ಚರ್ಮದ ಮೇಲೆ ಅಂಟು ಉರಿಯುತ್ತದೆ. ಎಣ್ಣೆ ತಿಕ್ಕಿಸಿಕೊಂಡ ಕಾಲಿಗೆ ಟೇಪು ಹಿಡಿಯುವುದೇ ಇಲ್ಲ. ನೋವಿನ ಮುಲಾಮು ಹಚ್ಚಿದ ಮೇಲೆ ಅದರ ಮೇಲೇ ಟೇಪು ಹೊದಿಸಿದರೆ ಉರಿ ಹೆಚ್ಚಾಗಿ ಚರ್ಮ ಸುಟ್ಟಂತಾಗಬಹುದು.

ಅಂಗಡಿಯಲ್ಲಿ ಸಿಗುವ ರೋಲು ಸಾಮಾನ್ಯವಾಗಿ 5 ಸೆಂ.ಮೀ. ಅಗಲ, 5 ಮೀಟರ್ ಉದ್ದ. ಒಂದು ಕಾಲಿಗೆ 30 ಸೆಂ.ಮೀ.ನ ಒಂದು, 12 ಸೆಂ.ಮೀ.ನ ಎರಡು ತುಂಡು ಬೇಕು. ಒಂದು ರೋಲಿನಲ್ಲಿ ಒಂಬತ್ತು ಸಲ ಆಗುತ್ತದೆ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೌಕ ಮೂಲೆ ಸಾಕ್ಸಿಗೆ, ಪ್ಯಾಂಟಿಗೆ ಸಿಕ್ಕಿ ಮೊದಲ ದಿನವೇ ಎದ್ದು ನಿಲ್ಲುತ್ತದೆ.

ಪಾದವನ್ನು ನಿಮ್ಮ ಕಡೆಗೆ ಎಳೆದು ಕಾಲಿಗೆ ಲಂಬ ಕೋನದಲ್ಲಿ ಹಿಡಿಯಿರಿ. ಉದ್ದದ ತುಂಡಿನ ಒಂದು ತುದಿಯಿಂದ 4-5 ಸೆಂ.ಮೀ. ಕಾಗದ ಹರಿದು, ಒಳಗಂಟಿನ ಕೆಳಗೆ ಪಾದದ ಕಮಾನಿನ ಬಳಿ ಸ್ವಲ್ಪವೂ ಎಳೆಯದೆ ಅಂಟಿಸಿ. ಉಳಿದದ್ದನ್ನು ಗಂಟಿನ ಹಿಂಬದಿಯಿಂದ ಹಾಯಿಸಿ, ನೀವು ಹೆಬ್ಬೆರಳಿನಲ್ಲಿ ಗುರುತಿಸಿದ ಆ ನೋವಿನ ಗಡಿಯ ಮೇಲೇ, ಹಗುರವಾಗಿ ಎಳೆಯುತ್ತ ಮೇಲಕ್ಕೆ ಒಯ್ಯಿರಿ. ಕೊನೆಯ 4-5 ಸೆಂ.ಮೀ. ಮತ್ತೆ ಎಳೆತವಿಲ್ಲದೆ.

ಹಗುರ ಅಂದರೆ ಎಷ್ಟು? ಹೆಚ್ಚಿನವರು ಎಡವುವುದು ಇಲ್ಲೇ. ಸೂಚನಾ ಹಾಳೆಯಲ್ಲಿ ಶೇಕಡಾ 25 ಎಂದಿದ್ದರೆ ಅದು ಪಟ್ಟಿಯ ಉದ್ದದ ಶೇಕಡಾ 25 ಅಲ್ಲ, ಅದು ಹಿಗ್ಗಬಲ್ಲ ಪ್ರಮಾಣದ ಶೇಕಡಾ 25. ನಡುವಿನ 20 ಸೆಂ.ಮೀ. ಭಾಗ ಪೂರ್ತಿ ಎಳೆದರೆ ಸುಮಾರು 28ರಿಂದ 32 ಸೆಂ.ಮೀ. ಆಗುತ್ತದೆ; ಅಂದರೆ ಹಿಗ್ಗುವುದು 8ರಿಂದ 12. ಅದರ ಕಾಲು ಭಾಗ ಬರೀ 2-3 ಸೆಂ.ಮೀ. 20 ಇದ್ದದ್ದು 22 ಅಥವಾ 23 ಆದರೆ ಮುಗಿಯಿತು. ಕಾಗದದ ಮೇಲೆ ಇರುವಾಗಲೇ ಟೇಪು ತುಸು ಹಿಗ್ಗಿರುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಎಳೆದೆನೋ ಇಲ್ಲವೋ ಎಂದು ಅನುಮಾನ ಬರುವಷ್ಟು ಎಳೆದರೆ ಸರಿ.

ಅಡ್ಡ ತುಂಡುಗಳನ್ನು ಹಚ್ಚುವುದು ಬ್ಯಾಂಡೇಡ್ ಹಚ್ಚಿದಂತೆ. ಕಾಗದವನ್ನು ನಡುವೆ ಹರಿದು ಎರಡೂ ಕಡೆಗೆ ಮಡಚಿ, ನಡುಭಾಗವನ್ನು ಮಾತ್ರ ಅದು ಹಿಗ್ಗಬಲ್ಲ ಅರ್ಧದಷ್ಟು ಎಳೆದು, ಅತಿ ಹೆಚ್ಚು ನೋಯುವ ಜಾಗದ ಮೇಲೆ ಅಡ್ಡಲಾಗಿ ಕೂರಿಸಿ. ತುದಿಗಳನ್ನು ಹಾಗೇ ಇಳಿಬಿಡಿ. ಎರಡನೆಯದು ಎರಡು ಬೆರಳು ಮೇಲಕ್ಕೋ ಕೆಳಕ್ಕೋ. ಪಟ್ಟಿ ಕಾಲನ್ನು ಪೂರ್ತಿ ಸುತ್ತಿ ತುದಿ ತುದಿಗೆ ಸೇರಬಾರದು. ಓಡುವಾಗ ಸ್ನಾಯು ಉಬ್ಬುತ್ತದೆ, ಸುತ್ತಿದ ಪಟ್ಟಿ ಬಳೆಯಂತೆ ಕಚ್ಚುತ್ತದೆ. ಕೊನೆಗೆ ಅಂಗೈಯಿಂದ ಮೂವತ್ತು ಸೆಕೆಂಡು ಉಜ್ಜಿ, ಈ ಅಂಟು ಬಿಸಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಹೇರ್ ಡ್ರೈಯರ್ ಮಾತ್ರ ಬೇಡ. ಬೆವರುವ ಮುನ್ನ ಅರ್ಧ ಗಂಟೆಯಾದರೂ ಬಿಡಿ.

ಮೂರರಿಂದ ಐದು ದಿನ ಇರುತ್ತದೆ, ಸ್ನಾನಕ್ಕೆ ಅಡ್ಡಿಯಿಲ್ಲ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ತುದಿಯಲ್ಲೇ ಗುಳ್ಳೆ ಎದ್ದರೆ ಅದು ಅಲರ್ಜಿಗಿಂತ ಹೆಚ್ಚಾಗಿ ತುದಿಯನ್ನು ಎಳೆದು ಅಂಟಿಸಿದ್ದರ ಫಲ. ಪಟ್ಟಿಯ ಆಕಾರದಲ್ಲೇ ಉದ್ದಕ್ಕೂ ತುರಿಕೆ ಎದ್ದರೆ ಅಲರ್ಜಿ, ಕೂಡಲೇ ತೆಗೆಯಿರಿ. ಪಾದ ಜೋಮು ಹಿಡಿದರೆ, ಬೆರಳು ತಣ್ಣಗಾದರೆ ಅಥವಾ ಬಣ್ಣ ತಿರುಗಿದರೆ ಓಟದ ನಡುವೆಯೇ ಕೂತು ತೆಗೆಯಿರಿ. ಗಾಯ, ಚರ್ಮದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲು, ಇವಕ್ಕೆ ಟೇಪು ಹಚ್ಚಲೇಬಾರದು.

ಎಲುಬಿಗೆ ಬೇಕಾದ್ದು ಇಳಿಸಿದ ಓಟ. ನೆದರ್ಲೆಂಡ್ಸ್‌ನಲ್ಲಿ ಈ ನೋವಿದ್ದ 74 ಆಟಗಾರರನ್ನು ಮೂರು ಗುಂಪು ಮಾಡಿದರು. ಎಲ್ಲರಿಗೂ ಹಂತಹಂತವಾಗಿ ಏರುವ ಓಟ. ಒಂದು ಗುಂಪಿಗೆ ಜೊತೆಗೆ ಮೀನಖಂಡದ ವ್ಯಾಯಾಮ, ಇನ್ನೊಂದಕ್ಕೆ ಬಿಗಿ ಕಾಲುಚೀಲ. 2012ರಲ್ಲಿ ಬಂದ ಫಲಿತಾಂಶದಲ್ಲಿ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. 18 ನಿಮಿಷ ನೋವಿಲ್ಲದೆ ಓಡುವ ಮಟ್ಟಕ್ಕೆ ಬರಲು ಸರಾಸರಿ ನೂರು ದಿನಕ್ಕೂ ಹೆಚ್ಚು ಹಿಡಿಯಿತು. ನೇಮಕಾತಿಯ ದಿನಾಂಕ ಗೊತ್ತಾದ ಮೇಲೆ ಓಡಲು ಶುರುಮಾಡುವವರ ಹತ್ತಿರ ಅಷ್ಟು ದಿನವೇ ಇರುವುದಿಲ್ಲ ಎಂಬುದೇ ನಿಜವಾದ ತೊಂದರೆ.

ಇರುವಷ್ಟರಲ್ಲಿ ಹೀಗೆ ಮಾಡಬಹುದು. ಕುಂಟುವಷ್ಟು ನೋವಿದ್ದರೆ ಓಟ ಪೂರ್ತಿ ಬಂದ್. ದಮ್ಮು ಉಳಿಸಿಕೊಳ್ಳಲು ಸೈಕಲ್ ಅಥವಾ ಈಜು. ಚುರುಕಾಗಿ ಅರ್ಧ ಗಂಟೆ ನಡೆದರೂ ನೋಯದಿದ್ದಾಗ ದಿನ ಬಿಟ್ಟು ದಿನ, ಮಣ್ಣಿನ ಮೈದಾನದಲ್ಲಿ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಎಂಟು ಸಲ. ಹತ್ತರಲ್ಲಿ ಎರಡರಷ್ಟು ನೋವು ಬಂದರೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ಹಂತಕ್ಕೆ. ಹೆಜ್ಜೆ ಚಿಕ್ಕದು ಮಾಡಿ ನಿಮಿಷಕ್ಕೆ 160 ಇದ್ದದ್ದನ್ನು 170ಕ್ಕೆ ಏರಿಸಿದರೆ ಪ್ರತಿ ಹೆಜ್ಜೆಯ ಪೆಟ್ಟು ತಗ್ಗುತ್ತದೆ, ಇದಕ್ಕೆ ದುಡ್ಡೂ ಬೇಡ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ, ಮೊಣಕಾಲು ನೇರ ಇಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ನೆದರ್ಲೆಂಡ್ಸ್‌ನ ಆ ಅಧ್ಯಯನದಲ್ಲಿ ಮೀನಖಂಡದ ವ್ಯಾಯಾಮ ವಾಸಿಯನ್ನು ಬೇಗ ತರದಿದ್ದರೂ, ಓಟದ ಭಾರ ಹೊರಲು ಮೀನಖಂಡ ಗಟ್ಟಿಯಿರುವುದು ಒಳ್ಳೆಯದೇ. ಓಟಕ್ಕೆ ಮುನ್ನ ನೋವಿನ ಮಾತ್ರೆ ನುಂಗುವುದು ಬೇಡ. ತೂಕ ಇಳಿಸಲೆಂದು ಊಟ ಬಿಟ್ಟು ಓಡುವ ಹುಡುಗಿಯರಿಗೆ ಮುಟ್ಟು ನಿಂತಿದ್ದರೆ ಅದು ಎಲುಬಿನದೇ ಎಚ್ಚರಿಕೆ, ವೈದ್ಯರಿಗೆ ತಪ್ಪದೆ ಹೇಳಬೇಕು.

ಟೇಪನ್ನು ಸರಕ್ಕನೆ ಕಿತ್ತರೆ ಚರ್ಮದ ಮೇಲ್ಪದರವೂ ಬರುತ್ತದೆ. ಮೇಲೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಡಿ, ಕೂದಲು ಬೆಳೆದ ದಿಕ್ಕಿಗೆ, ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು ಇನ್ನೊಂದರಿಂದ ಮೆಲ್ಲಗೆ ಸುಲಿಯಿರಿ. ಎಣ್ಣೆ ಒರೆಸಿದ ಮೇಲೆ ಅದೇ ಗಡಿಯನ್ನು ಹೆಬ್ಬೆರಳಿನಿಂದ ಮತ್ತೆ ಒತ್ತುತ್ತ ಹೋಗಿ, ನೋಯುವ ಜಾಗ ಎಷ್ಟು ಬೆರಳಗಲ ಇದೆ ಎಂದು ದಿನಾಂಕದ ಪಕ್ಕ ಬರೆದಿಡಿ. ಎಂಟು ಇದ್ದದ್ದು ಆರಕ್ಕೆ ಬಂದಿದ್ದರೆ ಮುಂದಿನ ಹಂತ. ಹಾಗೇ ಇದ್ದರೆ ಇನ್ನೊಂದು ವಾರ ಅದೇ ಹಂತ. ಜಾಗ ಕುಗ್ಗಿ ಒಂದೇ ಬೆರಳಗಲವಾಗಿ ನೋವು ಮಾತ್ರ ಜೋರಾಗಿದ್ದರೆ, ಅದು ವಾಸಿಯಾಗುತ್ತಿರುವ ಗುರುತಲ್ಲ. ಅಂದೇ ಎಂಆರ್‌ಐ ವಿಚಾರಿಸಿ.