ಮನೆಯ ಆದಾಯ ಮತ್ತು ಮಗುವಿನ ಕುಂಠಿತ ಬೆಳವಣಿಗೆ: ಕೋಷ್ಟಕ ಓದುವವರಿಗೆ ಟಿಪ್ಪಣಿ

ಮೊದಲು ಒಂದು ಲೆಕ್ಕ ಮಾಡೋಣ. 24 ತಿಂಗಳು ತುಂಬಿದ ಗಂಡುಮಗುವನ್ನು ನಿಲ್ಲಿಸಿ ಅಳೆದಾಗ 80 ಸೆಂ.ಮೀ. ಬಂತು ಎಂದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಆ ವಯಸ್ಸಿಗೆ ಮಧ್ಯಾಂಕ (ಅರ್ಧ ಮಕ್ಕಳು ಇದಕ್ಕಿಂತ ಎತ್ತರ, ಅರ್ಧ ಗಿಡ್ಡ) 87.1 ಸೆಂ.ಮೀ., ಮಾನಕ ವಿಚಲನೆ (ಎತ್ತರಗಳು ಎಷ್ಟು ಹರಡಿವೆ ಎಂಬ ಅಳತೆ) ಸುಮಾರು 3.05. 80ರಿಂದ 87.1 ಕಳೆದು 3.05ರಿಂದ ಭಾಗಿಸಿದರೆ −2.33 ಸಿಗುತ್ತದೆ. ಇದೇ ಜೆಡ್ ಸ್ಕೋರ್. ಇದು −2ಕ್ಕಿಂತ ಕೆಳಗಿದ್ದರೆ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ; −3ಕ್ಕಿಂತ ಕೆಳಗಿದ್ದರೆ ತೀವ್ರ ಕುಂಠಿತ. ಅದೇ ವಯಸ್ಸಿನ ಹೆಣ್ಣುಮಗು 80 ಸೆಂ.ಮೀ. ಇದ್ದರೆ ಕುಂಠಿತ ಅಲ್ಲ, ಏಕೆಂದರೆ ಅವಳಿಗೆ −2ರ ಗೆರೆ ಇರುವುದು 79.3ರಲ್ಲಿ. ಹುಡುಗನಿಗೆ 81ರಲ್ಲಿ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ಮಲಗಿದಾಗ ಅಳತೆ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ, ಹಾಗಾಗಿ ನಿಲ್ಲಿಸಿ ಅಳೆದಿದ್ದರೆ ಅಷ್ಟನ್ನು ಕೂಡಿಸಬೇಕು. ಅದಕ್ಕಿಂತ ದೊಡ್ಡ ತಪ್ಪು ನಡೆಯುವುದು ವಯಸ್ಸಿನಲ್ಲಿ. ಎರಡು ವರ್ಷದ ಆಸುಪಾಸಿನಲ್ಲಿ ಮಗು ತಿಂಗಳಿಗೆ ಒಂದು ಸೆಂ.ಮೀ.ಗೆ ಹತ್ತಿರ ಬೆಳೆಯುತ್ತದೆ. ಹುಟ್ಟಿದ ತಾರೀಖು ಎರಡು ತಿಂಗಳು ಆಚೀಚೆಯಾದರೆ ಜೆಡ್ ಸ್ಕೋರ್ 0.5ಕ್ಕೂ ಹೆಚ್ಚು ಜರುಗುತ್ತದೆ. ಜನನ ನೋಂದಣಿ ಆಗದ ಮಕ್ಕಳು ಬಡ ಮನೆಗಳಲ್ಲೇ ಹೆಚ್ಚು. ಆದ್ದರಿಂದ ಈ ತಪ್ಪು ಎಲ್ಲ ಆದಾಯದ ಗುಂಪುಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಬಡತನದ ಪರಿಣಾಮ ಎಂದು ನಾವು ಓದುವುದರಲ್ಲಿ ಒಂದು ಪಾಲು ತಾರೀಖಿನ ಅಂದಾಜು ಆಗಿರಬಹುದು. 12, 24, 36 ತಿಂಗಳುಗಳಲ್ಲಿ ಮಕ್ಕಳ ಸಂಖ್ಯೆ ಗುಡ್ಡೆ ಬಿದ್ದಿದೆಯೇ ಎಂದು ಮೊದಲೇ ನೋಡಿ; ಬಿದ್ದಿದ್ದರೆ ವಯಸ್ಸನ್ನು ಅಂದಾಜಿನಲ್ಲಿ ಪೂರ್ಣ ವರ್ಷಕ್ಕೆ ಹೊಂದಿಸಿ ಬರೆದಿರಬಹುದು.

ಈಗ ಆದಾಯದ ವಿಷಯ. ಹಣ ತಾನಾಗಿ ಎಲುಬನ್ನು ಉದ್ದ ಮಾಡುವುದಿಲ್ಲ. ಯುನಿಸೆಫ್ 1990ರಲ್ಲಿ ಮುಂದಿಟ್ಟ ಚೌಕಟ್ಟನ್ನು ಕಲಿಯುವವರು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ, ಆದರೆ ಅದರ ಉಪಯೋಗವಿರುವುದು ಇಲ್ಲಿಯೇ. ತಕ್ಷಣದ ಕಾರಣಗಳು ಎರಡು: ಸಾಲದ ಆಹಾರ ಮತ್ತು ರೋಗ. ಅವುಗಳ ಹಿಂದೆ ಮನೆಯ ಆಹಾರ ಭದ್ರತೆ, ತಾಯಿ-ಮಗುವಿನ ಆರೈಕೆ, ಆರೋಗ್ಯ ಸೇವೆ ಮತ್ತು ಸುತ್ತಲಿನ ಪರಿಸರ ಇವೆ. ಆದಾಯ ಕೆಲಸ ಮಾಡುವುದು ಇವುಗಳ ಮೂಲಕ. ನಡುವಿನ ಒಂದು ಬಾಗಿಲು ಮುಚ್ಚಿದ್ದರೂ ಹೆಚ್ಚಿದ ಹಣದ ಫಲ ಅಲ್ಲಿಗೇ ನಿಲ್ಲುತ್ತದೆ.

ಆಹಾರದ ಬಾಗಿಲನ್ನೇ ನೋಡಿ. ಕೈಗೆ ಸ್ವಲ್ಪ ಹೆಚ್ಚು ಹಣ ಬಂದಾಗ ಮೊದಲು ತುಂಬುವುದು ಧಾನ್ಯ. ಮೊಟ್ಟೆ, ಹಾಲು, ಮಾಂಸ, ಹಣ್ಣು ತಡವಾಗಿ ಬರುತ್ತವೆ. 6ರಿಂದ 23 ತಿಂಗಳ ಮಗುವಿಗೆ ದಿನಕ್ಕೆ ಎಂಟು ಆಹಾರ ಗುಂಪುಗಳಲ್ಲಿ ಕನಿಷ್ಠ ಐದು ಸಿಗಬೇಕು, ಎದೆಹಾಲೂ ಒಂದು ಗುಂಪು. ಹೊಟ್ಟೆ ತುಂಬಿದರೂ ಈ ಐದು ಸಿಗದೆ ಇರಬಹುದು. ಸಮಯವೂ ಒಂದು ಖರ್ಚೇ. ಎದೆಹಾಲು ಕುಡಿಯುವ ಮಗುವಿಗೆ 6–8 ತಿಂಗಳಲ್ಲಿ ದಿನಕ್ಕೆ ಕನಿಷ್ಠ ಎರಡು ಸಲ, 9–23 ತಿಂಗಳಲ್ಲಿ ಮೂರು ಸಲ ಊಟ ಕೊಡಬೇಕು. ಮಗುವಿನ ಹೊಟ್ಟೆ ಚಿಕ್ಕದು, ತಪ್ಪಿದ ಊಟವನ್ನು ಸಂಜೆ ಒಟ್ಟಿಗೆ ತುಂಬಲು ಆಗದು. ತಾಯಿ ದುಡಿಯಲು ಹೊರಗೆ ಹೋಗಿ, ಮನೆಯಲ್ಲಿ ಉಣಿಸುವವರು ಯಾರೂ ಇಲ್ಲದಿದ್ದರೆ, ಆದಾಯ ಏರುತ್ತಲೇ ಊಟದ ಸಂಖ್ಯೆ ಇಳಿಯಬಹುದು.

ರೋಗದ ಬಾಗಿಲು ಇನ್ನೂ ಬಿಗಿ. ಭೇದಿಯಾದಾಗ ಹಸಿವು ಕಡಿಮೆಯಾಗುತ್ತದೆ, ತಿಂದದ್ದು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೀರಿದ್ದರಲ್ಲಿಯೂ ಒಂದು ಪಾಲು ಸೋಂಕಿನ ವಿರುದ್ಧ ಹೋರಾಡಲು ಹೋಗುತ್ತದೆ. ಇದನ್ನು ಓದಿದವರು ಶೌಚಾಲಯ ಕಟ್ಟಿಸಿ ಕೈ ತೊಳೆಸಿದರೆ ಎತ್ತರ ಹೆಚ್ಚುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಯಲ್ಲಿ ನಡೆದು 2018–19ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ, ಮನೆಮಟ್ಟದ ನೀರು-ನೈರ್ಮಲ್ಯದ ಸರಳ ಕ್ರಮಗಳಿಂದ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟಲ್ಲಿ ಮಾತ್ರ ಸಣ್ಣ ಏರಿಕೆ ಕಂಡಿತು. ನೈರ್ಮಲ್ಯ ಬೇಡ ಎಂದು ಇದರ ಅರ್ಥವಲ್ಲ. ಸುತ್ತಲೆಲ್ಲ ಮಲಿನವಿರುವಾಗ ಒಂದು ಮನೆಯ ಅಂಗಳ ಮಾತ್ರ ಶುಚಿಯಾದರೆ ಮಗುವಿನ ಬಾಯಿಗೆ ಹೋಗುವ ರೋಗಾಣುಗಳು ಸಾಕಷ್ಟು ಇಳಿಯುವುದಿಲ್ಲ ಎಂಬುದು ಇದಕ್ಕೆ ಮುಂದಿಟ್ಟಿರುವ ಮುಖ್ಯ ವಿವರಣೆ.

ಕಾಲವನ್ನು ಮರೆಯಬೇಡಿ. ಹುಟ್ಟಿದ ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಎರಡನೇ ವರ್ಷದಲ್ಲಿ ಸುಮಾರು 12. ಗರ್ಭದ 270 ದಿನ ಸೇರಿಸಿದರೆ ಆಗುವ ಮೊದಲ 1000 ದಿನಗಳಲ್ಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ನಾಲ್ಕು ವರ್ಷದ ಮಗುವಿನ ಇಂದಿನ ಎತ್ತರವನ್ನು ಮನೆಯ ಈ ವರ್ಷದ ಆದಾಯದ ಜೊತೆ ಜೋಡಿಸುವುದು ಆದ್ದರಿಂದ ಹೊಂದುವುದಿಲ್ಲ. ಆ ಎತ್ತರ ಹೇಳುತ್ತಿರುವುದು ಮೂರು-ನಾಲ್ಕು ವರ್ಷ ಹಿಂದಿನ ಕಥೆ. ಮೆಕ್ಸಿಕೋದಲ್ಲಿ 1997ರಲ್ಲಿ ಆರಂಭವಾದ ಷರತ್ತುಬದ್ಧ ನಗದು ಯೋಜನೆಯಲ್ಲಿ ಹಣದ ಜೊತೆ ಆರೋಗ್ಯ ತಪಾಸಣೆ, ಪುಟ್ಟ ಮಕ್ಕಳಿಗೆ ಪೋಷಕಾಂಶ ಬೆರೆಸಿದ ಪೂರಕ ಆಹಾರ ಎರಡೂ ಇದ್ದವು. ಅಲ್ಲಿ ಎತ್ತರದ ಲಾಭ, ಸುಮಾರು ಒಂದು ಸೆಂ.ಮೀ., ಕಡುಬಡ ಮನೆಗಳ ಎಳೆಗೂಸುಗಳಲ್ಲಿ ಕಾಣಿಸಿತು.

ಸಮೀಕ್ಷೆಗಳಲ್ಲಿ ಆದಾಯವನ್ನು ನೇರವಾಗಿ ಕೇಳುವುದು ಕಡಿಮೆ. ನೆಲ, ಗೋಡೆ, ಶೌಚಾಲಯ, ವಾಹನ, ವಿದ್ಯುತ್ ಇತ್ಯಾದಿಗಳಿಂದ ಸಂಪತ್ತಿನ ಸೂಚ್ಯಂಕ ಕಟ್ಟಿ ಮನೆಗಳನ್ನು ಐದು ಸಮ ಪಾಲು ಮಾಡುತ್ತಾರೆ. ಇದು ಸ್ಥಾನ ಹೇಳುತ್ತದೆ, ಮೊತ್ತವನ್ನಲ್ಲ. ಒಂದು ದೇಶದ ಅತಿ ಕೆಳಗಿನ ಪಾಲು ಇನ್ನೊಂದರ ಮಧ್ಯದ ಪಾಲಿಗಿಂತ ಮೇಲಿರಬಹುದು. ಶೌಚಾಲಯ ಸೂಚ್ಯಂಕದೊಳಗೇ ಇರುವಾಗ ಅದೇ ಸೂಚ್ಯಂಕ ಬಳಸಿ ಹಣದ ಪರಿಣಾಮವನ್ನೂ ನೈರ್ಮಲ್ಯದ ಪರಿಣಾಮವನ್ನೂ ಬೇರ್ಪಡಿಸಲು ಆಗದು.

ಓದುಗರು ಮತ್ತೆ ಮತ್ತೆ ಎಡವುವ ಜಾಗ ಆಡ್ಸ್ ರೇಶಿಯೋ. ಆಡ್ಸ್ ಎಂದರೆ ಕುಂಠಿತರ ಸಂಖ್ಯೆಯನ್ನು ಕುಂಠಿತರಲ್ಲದವರ ಸಂಖ್ಯೆಯಿಂದ ಭಾಗಿಸಿದ್ದು; ಎರಡು ಗುಂಪುಗಳ ಆಡ್ಸ್‌ನ ಅನುಪಾತವೇ ಆಡ್ಸ್ ರೇಶಿಯೋ. ಕಲ್ಪಿತ ಉದಾಹರಣೆ: ಬಡ ಮನೆಗಳ 100 ಮಕ್ಕಳಲ್ಲಿ 40, ಉಳ್ಳವರ 100ರಲ್ಲಿ 20 ಮಕ್ಕಳು ಕುಂಠಿತರು. ಅಪಾಯ ಎರಡು ಪಟ್ಟು. ಆಡ್ಸ್ ಮಾತ್ರ 40/60 ಮತ್ತು 20/80, ಅನುಪಾತ 2.67. ಇದನ್ನು "2.67 ಪಟ್ಟು ಅಪಾಯ" ಎಂದು ಬರೆದರೆ ತಪ್ಪು. ಕುಂಠಿತ ಬೆಳವಣಿಗೆ ಅಪರೂಪವಲ್ಲದ ಕಡೆ ಈ ಎರಡರ ಅಂತರ ಹಿಗ್ಗುತ್ತದೆ.

ಕೊನೆಯದಾಗಿ, ಆದಾಯ ಮತ್ತು ಎತ್ತರದ ನಂಟನ್ನು ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ಮಾದರಿಯೊಳಗೆ ಬೇರೆ ಏನೇನು ಹಾಕಿದ್ದಾರೆ ನೋಡಿ. ತಾಯಿಯ ಓದು ಆದಾಯಕ್ಕೂ ಎತ್ತರಕ್ಕೂ ಮೊದಲೇ ಇದ್ದದ್ದು, ಅದನ್ನು ಸೇರಿಸುವುದು ಸರಿ. ಆಹಾರ ವೈವಿಧ್ಯ, ಭೇದಿ ಆದಾಯದ ನಂತರ ಬರುವವು. ಅವನ್ನೂ ಸೇರಿಸಿದಾಗ ಆದಾಯದ ಅಂಕಿ ಸೊನ್ನೆಯ ಹತ್ತಿರ ಬಂದರೆ, ಆದಾಯ ಲೆಕ್ಕಕ್ಕಿಲ್ಲ ಎಂದಲ್ಲ. ಅದು ಯಾವ ಬಾಗಿಲಿನಿಂದ ಒಳಬಂದಿತ್ತು ಎಂಬುದರ ಸುಳಿವು ಸಿಕ್ಕಿತು ಎಂದರ್ಥ.